ದೃಷ್ಟಿಗೆ ಇಟ್ಟ ಕುಂಬಳಕಾಯಿ

ನಿವೃತ್ತಿಯಾದ ಮೇಲೂ ನಾನು ಗಂಟೆಯ ಮಾತು ಕೇಳುವುದನ್ನು ಬಿಟ್ಟಿಲ್ಲ. ಹಾಸನದ ಹಾಸ್ಟೆಲಿನಲ್ಲಿದ್ದು ಓದುವಾಗ ಏಳುವುದಕ್ಕೆ ಗಂಟೆ, ಸ್ನಾನಕ್ಕೆ ಗಂಟೆ, ಊಟಕ್ಕೆ ಗಂಟೆ. ಆಮೇಲೆ ಇಂಗ್ಲಿಷ್ ಟೀಚರಾಗಿ, ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿ ಅದೇ ಗಂಟೆಯನ್ನು ನಾನು ಹೊಡೆಸಿದೆ. ಈಗ ಹೊಳೆನರಸೀಪುರದ ಮನೆಯಲ್ಲಿ ಹೊಡೆಯುವವರೂ ಇಲ್ಲ, ಹೊಡೆಸಿಕೊಳ್ಳುವವರೂ ಇಲ್ಲ. ಆದರೂ ಬೆಳಕು ಹರಿಯುವ ಮೊದಲೇ ಹಾಸಿಗೆ ಮಡಿಚಿ, ಅಂಗಳ ಗುಡಿಸಿ, ಹೊಳೆಯ ಕಡೆ ಒಂದು ಸುತ್ತು ನಡೆದು ಬಂದು, ಕಾಫಿ ಕುಡಿದ ಲೋಟ ತೊಳೆದು ಬೋರಲು ಹಾಕಿ, ಇನ್ನೇನು ಎಂದು ನಿಲ್ಲುತ್ತೇನೆ. ಆ ‘ಇನ್ನೇನು’ ಇದೆಯಲ್ಲ, ಅದೇ ನನ್ನ ಕಾಯಿಲೆ.

ಜೊತೆಯಲ್ಲಿರುವ ತಂಗಿ ನನಗೆ ಪೂರಾ ವಿರುದ್ಧ. ಒಂದು ಸಲ ಕೂತಳೆಂದರೆ ಏಳುವುದಕ್ಕೆ ಅವಳಿಗೆ ಕಾರಣ ಬೇಕು.

"ಅಕ್ಕಾ, ಒಂದ್ಗಳಿಗೆ ಕೂತ್ಕೊಳೇ. ನೀನು ನಿಂತಿದ್ರೆ ನನ್ನ ಕಾಲು ನೋಯುತ್ತೆ" ಎನ್ನುತ್ತಾಳೆ.

ಕೂತರೆ ನನಗೆ ಎದೆಯೊಳಗೆ ಯಾರೋ ಓಡಾಡಿದ ಹಾಗಾಗುತ್ತದೆ ಎಂದು ಅವಳಿಗೆ ಎಷ್ಟು ಹೇಳಿದರೂ ಅಷ್ಟೆ.

ಈ ಕಾಯಿಲೆಗೆ ಔಷಧಿ ತಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಚನ್ನರಾಯಪಟ್ಟಣದವಳು. ಮದುವೆಯಾಗಿ ಈ ಊರಿಗೆ ಬಂದು, ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರ-ಬೀಜದ ಅಂಗಡಿಯ ಮಹಡಿಯ ಮೇಲೆ ಬಹಳ ಕಾಲ ಟೈಪಿಂಗು, ಜೆರಾಕ್ಸು ನಡೆಸಿದವಳು. ಒಂದು ಬೆಳಿಗ್ಗೆ ಬಂದು ಅಂಗಳದಲ್ಲೇ ನಿಂತು ಹೇಳಿದಳು.

"ಮಿಸ್, ಅಮೆರಿಕದಲ್ಲಿ ಒಂದು ಕಾನೂನು ಬಂದಿದೆ. ನೀವು ನಮ್ಮ ಆಫೀಸಿಗೆ ಬರಬೇಕು."

"ಅಮೆರಿಕದ ಕಾನೂನಿಗೂ ನಾನು ನಿನ್ನ ಮಹಡಿ ಮೆಟ್ಟಿಲು ಹತ್ತೋದಕ್ಕೂ ಏನೇ ಸಂಬಂಧ?"

ಸಂಬಂಧವಿತ್ತು. ಅಲ್ಲಿನ ಸರ್ಕಾರಿ ಶಾಲೆ, ಕಾಲೇಜು, ಪುರಸಭೆಗಳು ಜಾಲತಾಣದಲ್ಲಿ ಏನೇ ಹಾಕಿದರೂ ಅದು ಕಣ್ಣು ಕಾಣದವರಿಗೂ ತಿಳಿಯುವಂತಿರಬೇಕು ಎಂದು ಹೊಸ ನಿಯಮ ಮಾಡಿದ್ದರು. ಕಣ್ಣು ಕಾಣದವರ ಕಂಪ್ಯೂಟರಿನಲ್ಲಿ ಅಕ್ಷರವನ್ನು ಗಟ್ಟಿಯಾಗಿ ಓದುವ ಒಂದು ವ್ಯವಸ್ಥೆ ಇರುತ್ತದೆ. ಅದು ಅಕ್ಷರ ಓದುತ್ತದೆ, ಚಿತ್ರ ಬಂದಾಗ ಬಾಯಿ ಕಟ್ಟಿ ನಿಲ್ಲುತ್ತದೆ. ಆದ್ದರಿಂದ ಪ್ರತಿ ಚಿತ್ರದ ಹಿಂದೆ ಅದರಲ್ಲಿ ಏನಿದೆ ಎಂದು ಯಾರಾದರೂ ಬರೆದಿಟ್ಟಿರಬೇಕು. ಇದನ್ನೆಲ್ಲ ಮುಗಿಸಲು ಒಂದು ಗಡುವು ಕೊಟ್ಟಿದ್ದರು. ಶಾಲೆಗಳು ಮಾತ್ರವಲ್ಲ, ಮೊಕದ್ದಮೆಯ ಭಯಕ್ಕೆ ಅಂಗಡಿ-ಮಳಿಗೆಗಳೂ ಅವಸರಕ್ಕೆ ಬಿದ್ದಿದ್ದವು. ಅಷ್ಟೊಂದು ಕೆಲಸ ಅಲ್ಲಿಂದ ಬೆಂಗಳೂರಿನ ಒಂದು ಕಂಪನಿಗೆ ಬಂದು, ಅಲ್ಲಿಂದ ಉಕ್ಕಿ ಹೊಳೆನರಸೀಪುರದ ಮಹಡಿಗೂ ಒಂದು ಕಾಲುವೆ ಹರಿದಿತ್ತು.

"ಹುಡುಗೀರು ಚಿತ್ರ ನೋಡಿ ಬರೀತಾರೆ ಮಿಸ್. ಇಂಗ್ಲಿಷ್ ತಿದ್ದೋರು ಬೇಕು. ನಿಮ್ಮ ಕೆಂಪು ಪೆನ್ನಿಗೆ ಹೆದರದೇ ಇರೋರು ಈ ತಾಲ್ಲೂಕಲ್ಲಿ ಯಾರಿದಾರೆ?"

ಮಾರನೇ ದಿನವೇ ಹೋದೆ. ಬಾಗಿಲಲ್ಲಿ ಚಪ್ಪಲಿಗಳು ಗುಡ್ಡೆ ಬಿದ್ದಿದ್ದವು. ಜೋಡಿ ಹುಡುಕಿ, ಗೋಡೆಗೆ ಒತ್ತಿ, ಸಾಲಾಗಿ ಇಟ್ಟು ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಕೋಲು ತಟ್ಟುವ ಸದ್ದಾಯಿತು. ಮೂವತ್ತರ ಆಸುಪಾಸಿನ ಒಬ್ಬ, ಇಸ್ತ್ರಿ ಮಾಡಿದ ಅಂಗಿ, ಬಾಗಿಲಲ್ಲೇ ನಿಂತು ಕಾಲಿನಿಂದ ನೆಲ ಸವರಿದ.

"ಒಸಾ ಮಿಸ್ ಬಂದವ್ರೆ ಅನ್ನಿ" ಎಂದ.

"ಹೇಗೆ ಗೊತ್ತಾಯ್ತಪ್ಪ?"

"ದಿನಾ ಇಲ್ಲಿ ಎಡವ್ತಿದ್ದೆ. ಇವತ್ತು ಎಡವ್ಲಿಲ್ಲ. ಚಪ್ಲಿಗೂ ಲೈನ್ ಮಾಡ್ಸವ್ರೆ ಅಂದ್ರೆ ಮಿಸ್ಸೇ ಇರ್ಬೇಕು."

ಅವನು ಅರಕಲಗೂಡಿನ ಹತ್ತಿರದ ಹಳ್ಳಿಯವನು, ಹುಟ್ಟಿನಿಂದ ಕಣ್ಣಿಲ್ಲ. ಆ ಮಹಡಿಯಲ್ಲಿ ಅವನದು ಕೊನೆಯ ಮಾತು. ಹಳೇಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಚಿತ್ರ ನೋಡಿ ಬರೆಯುತ್ತಿದ್ದಳು, ನಾನು ತಿದ್ದುತ್ತಿದ್ದೆ, ಇವನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಮೊದಲಿಂದ ಕೊನೆಯವರೆಗೆ ಕೇಳುತ್ತಿದ್ದ. ಒಮ್ಮೊಮ್ಮೆ ನನಗೂ ಕೇಳಿಸುತ್ತಿದ್ದ. ಆ ಯಂತ್ರದ ಭಾರೀ ವೇಗದ ಓದು ನನ್ನ ಕಿವಿಗೆ ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಕೇಳುತ್ತಿತ್ತು. ಒಂದು ಪದವೂ ತಿಳಿಯುತ್ತಿರಲಿಲ್ಲ. ಅವನಿಗೆ ಎಲ್ಲ ತಿಳಿದರೆ "ಪಾಸ್" ಎನ್ನುತ್ತಿದ್ದ. ತಿಳಿಯದಿದ್ದರೆ ವಾಪಸ್ಸು.

ನನ್ನದೇ ಹೆಚ್ಚು ವಾಪಸ್ಸು ಬರುತ್ತಿತ್ತು. ಮಕ್ಕಳು ಆಡುವ ಚಿತ್ರಕ್ಕೆ ಹುಡುಗಿ ಬರೆದ ಒಂದು ಸಾಲಿಗೆ ನಾನು ಅವರ ಬೂಟಿನ ಲೇಸು ಬಿಚ್ಚಿಕೊಂಡಿದೆ, ಸಮವಸ್ತ್ರ ಇಲ್ಲ, ಶಿಕ್ಷಕರು ಯಾರೂ ಕಾಣುತ್ತಿಲ್ಲ ಎಂಬುದನ್ನೆಲ್ಲ ಸೇರಿಸುತ್ತಿದ್ದೆ.

"ಮಿಸ್, ನಿಮ್ ವಿವರ ಸುರುವಾದ್ ಮ್ಯಾಲೆ ನಾನ್ ಅರ್ಕಲಗೂಡ್ಗೆ ಓಗಿ, ಉಂಡು, ವಾಪಸ್ ಬಂದ್ಬುಡ್ಬೋದು. ಬಂದಾಗ್ಲೂ ಆ ಮಗಾ ಇನ್ನೂ ಚೆಂಡ್ ಇಡ್ಕಂಡೇ ನಿಂತಿರ್ತದೆ."

ಹುಡುಗಿ ಕಿಸಕ್ಕನೆ ನಗುತ್ತಿದ್ದಳು. ಅವನು ಯಾವಾಗಲೂ ಅವಳ ಪಕ್ಷವೇ. ಅಮೆರಿಕದ ಶಾಲೆಯೊಂದರ ಮಧ್ಯಾಹ್ನದ ಊಟದ ಚಿತ್ರದಲ್ಲಿ ಆಲೂಗಡ್ಡೆಯ ಕರಿದ ಉಂಡೆಗಳಿದ್ದವು. ಇವಳು ‘ಸಣ್ಣ ಬೋಂಡಾ’ ಎಂದು ಬರೆದಿದ್ದಳು. ನಾನು ಹೊಡೆದು ಹಾಕಿದೆ.

"ಯಾಕ್ ಮಿಸ್ ಒಡುದ್ರಿ? ಬೋಂಡ ಅಂದಾಗ ನಂಗ್ ಬಾಯಲ್ಲಿ ನೀರ್ ಬಂತು" ಎಂದ.

"ಅಲ್ಲಿಯವರಿಗೆ ಬೋಂಡಾ ಗೊತ್ತಿಲ್ಲಪ್ಪ."

"ಅಯ್ಯೋ ಪಾಪ" ಎಂದ, ನಿಜವಾದ ಮರುಕದಿಂದ.

ಆ ಕೆಲಸದಲ್ಲಿ ಒಂದು ಪದವಿತ್ತು: ಡೆಕೊರೇಟಿವ್. ಅಂಚಿನ ಹೂಬಳ್ಳಿ, ಸುಮ್ಮನೆ ಎಳೆದ ಗೆರೆ, ಅರ್ಥವಿಲ್ಲದ ಅಲಂಕಾರ, ಇವಕ್ಕೆ ಆ ಗುರುತು ಹಾಕಿದರೆ ಓದುವ ಯಂತ್ರ ಅವನ್ನು ಮುಟ್ಟದೆ ಮುಂದೆ ಹೋಗುತ್ತದೆ. ಕೇಳುವವನಿಗೆ ಅಲ್ಲಿ ಏನೋ ಇತ್ತು ಎಂಬುದೇ ತಿಳಿಯುವುದಿಲ್ಲ.

"ಅಣ್ಣ, ಈ ಬಳ್ಳಿಗೆ ಏನ್ ಬರೀಲಿ?" ಎಂದು ಹುಡುಗಿ ಕೇಳಿದಳು ಒಂದು ದಿನ.

"ಡೆಕೊರೇಟಿವ್ ಆಕ್ಬುಡಮ್ಮಿ. ಬೀಗ್ರು ಬಂದಾಗ ನಮ್ಮನೇಲಿ ನಂಗೂ ಅದೇ ಆಕದು."

ಅವಳು ನಕ್ಕಳು. ಅವನೂ ನಕ್ಕ. ಬುತ್ತಿ ಬಿಚ್ಚುವ ಹೊತ್ತಿಗೆ ನಾನು ಅದೇನು ಮಾತು ಎಂದು ಕೇಳಿದೆ.

"ನಮ್ಮಣ್ಣ ಅತ್ಗೆ ಒಳ್ಳೇರು ಮಿಸ್. ಒಂದಿನ ಒಡೀಲಿಲ್ಲ, ಬೈಲಿಲ್ಲ. ಮೈಸೂರಲ್ಲಿ ಕಂಪ್ಯೂಟ್ರು ಕಲ್ಕಂಡು ಬಂದ್ನಲ್ಲ, ಜಗುಲಿ ಮ್ಯಾಲೆ ಒಂದ್ ಕುರ್ಚಿ ಆಕ್ ಕೊಟ್ರು. ಕೂತ್ಕಳಪ್ಪ ಅಂದ್ರು. ನೀರ್ ಕುಡಿಯಕ್ಕೆ ಎದ್ರೂ ‘ನೀ ಕೂತ್ಕ, ನಾವ್ ತತ್ತೀವಿ.’ ರೋಡಿಗ್ ಇಳುದ್ರೆ ‘ನೀ ಕೂತ್ಕ, ಗಾಡಿ ಬತ್ತವೆ.’ ವರ್ಸಗಟ್ಲೆ ಕೂತಿದ್ದೀನಿ ಮಿಸ್. ಬೆನ್ನು ಕುರ್ಚಿ ಆಕಾರ ಆಗೋಗಿತ್ತು."

ಈ ಕೆಲಸ ಸಿಕ್ಕ ಮೇಲೆ ರೈಸ್ ಮಿಲ್ಲಿನ ಹಿಂದೆ ಒಂದು ರೂಮು ಹಿಡಿದಿದ್ದ. ತಾನೇ ಉಪ್ಪಿಟ್ಟು ಕೆದಕುತ್ತಿದ್ದ, ತಾನೇ ಬಟ್ಟೆ ಒಗೆಯುತ್ತಿದ್ದ. ಮಿಲ್ಲಿನ ತೌಡಿನ ವಾಸನೆ, ಆಮೇಲೆ ಚರಂಡಿಯ ಕಲ್ಲುಚಪ್ಪಡಿ, ಆಮೇಲೆ ಬಳೆ ಅಂಗಡಿಯ ರೇಡಿಯೋ, ಹೀಗೆ ಗುರುತು ಹಿಡಿದು ಆಫೀಸಿಗೆ ಒಬ್ಬನೇ ನಡೆದು ಬರುತ್ತಿದ್ದ.

"ಅಣ್ಣನ್ ಜತೆ ಮಾತಾಗಿರದು ಇಷ್ಟೇ ಮಿಸ್. ಕೆಲ್ಸ ಇರಗಂಟ ರೂಮು. ಕೆಲ್ಸ ಓಯ್ತೋ, ಕುರ್ಚಿ."

ಅವತ್ತಿನಿಂದ ಆ ಕುರ್ಚಿ ನನ್ನ ತಲೆಯಲ್ಲೂ ಕೂತಿತು. ತಂಗಿ ‘ಕೂತ್ಕೊಳೇ’ ಎಂದಾಗಲೆಲ್ಲ ಬೆನ್ನು ಚುಳ್ ಎನ್ನುತ್ತಿತ್ತು.

ಕುಂಬಳಕಾಯಿಯ ಕತೆ ಆದದ್ದು ಆಯುಧಪೂಜೆ ಮುಗಿದ ಹೊಸದರಲ್ಲಿ. ನಮ್ಮ ಮೆಟ್ಟಿಲ ಬುಡದಲ್ಲಿ ಒಡೆದ ಬೂದುಗುಂಬಳದ ಕುಂಕುಮದ ಕಲೆ ಇನ್ನೂ ಹೋಗಿರಲಿಲ್ಲ. ಕೆಳಗಿನ ಅಂಗಡಿಯವನು ಬಾಗಿಲ ಮೇಲೆ ಹೊಸ ಕುಂಬಳಕಾಯಿ ಕಟ್ಟಿ, ಅದಕ್ಕೆ ಕೋರೆಹಲ್ಲು, ಕೆಂಡದ ಕಣ್ಣು, ದಪ್ಪ ಮೀಸೆ ಬರೆಸಿದ್ದ. ಅದೇ ವಾರ ಅಮೆರಿಕದ ಒಂದು ಪ್ರಾಥಮಿಕ ಶಾಲೆಯಿಂದ ಪೋಷಕರಿಗೆ ಕಳಿಸುವ ಸುದ್ದಿಪತ್ರ ಬಂತು. ಅದರಲ್ಲಿ ಒಂದು ಚಿತ್ರ: ಶಾಲೆಯ ಮೆಟ್ಟಿಲ ಮೇಲೆ ದೊಡ್ಡ ಕುಂಬಳಕಾಯಿ, ಅದರಲ್ಲಿ ಕೆತ್ತಿದ ಕಣ್ಣು, ಮೂಗು, ಕೋರೆಹಲ್ಲು.

ಹಳೇಕೋಟೆಯ ಹುಡುಗಿ ತಡವರಿಸಲೇ ಇಲ್ಲ. ‘ದೃಷ್ಟಿ ತಾಗದಂತೆ ಶಾಲೆಯ ಮೆಟ್ಟಿಲ ಮೇಲೆ ಇಟ್ಟಿರುವ ರಾಕ್ಷಸನ ಮುಖದ ಕುಂಬಳಕಾಯಿ’ ಎಂದು ಇಂಗ್ಲಿಷಿನಲ್ಲಿ ಬರೆದಳು. ನಾನು ಕೆಂಪು ಹಿಡಿದು ಓದಿದೆ. ಒಂದು ಆರ್ಟಿಕಲ್ ಬಿಟ್ಟುಹೋಗಿತ್ತು, ಸೇರಿಸಿದೆ. ಉಳಿದದ್ದರಲ್ಲಿ ತಿದ್ದಲು ಏನೂ ಕಾಣಲಿಲ್ಲ. ಅರಕಲಗೂಡಿನವನು ಕೇಳಿದ.

"ಇದು ನೋಡಿ ವಿವರ ಅಂದ್ರೆ. ಮೊಟಕಾಗೈತೆ, ಕಣ್ಗೆ ಕಟ್ದಂಗೈತೆ. ಪಾಸ್!"

ಎರಡು ದಿನಕ್ಕೆ ಬೆಂಗಳೂರಿನಿಂದ ಫೋನು ಬಂತು. ಆಫೀಸಿನ ಒಡತಿ, ನನ್ನ ಹಳೆಯ ವಿದ್ಯಾರ್ಥಿನಿ, ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಆ ಕಡೆಯವನಿಗೆ ನಗು ತಡೆಯುವುದೇ ಕಷ್ಟವಾಗಿತ್ತು. ಅದು ಅವರ ಮಕ್ಕಳ ಹಬ್ಬವಂತೆ, ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಹೋಗುತ್ತಾರಂತೆ, ಕುಂಬಳಕಾಯಿ ಅದರ ಗುರುತಂತೆ. "ಮೂರು ಜನ ನೋಡಿ ಕಳಿಸಿದೀರಲ್ರೀ, ಒಬ್ಬರಿಗೂ ಡೌಟ್ ಬರಲಿಲ್ವಾ?" ಎಂದ.

ಬಂದಿರಲಿಲ್ಲ. ಮೂವರೂ ಇದೇ ಮಣ್ಣಿನವರು. ಮುಖ ಬರೆದ ಕುಂಬಳಕಾಯಿ ಬಾಗಿಲಲ್ಲಿ ಇದ್ದರೆ ಅದು ಮತ್ಯಾತಕ್ಕೆ?

ಫೋನಿಟ್ಟ ಮೇಲೂ ಅರಕಲಗೂಡಿನವನು ಬಿಡಲಿಲ್ಲ. "ಅಲ್ಲ ಮಿಸ್, ಮಕ್ಳಬ್ಬ ಅಂದ್ಮ್ಯಾಲೆ ಕೋರೆಅಲ್ಲು ಯಾಕೆ? ಗಣಪತಿ ಮುಖ ಕೆತ್ಬೋದಿತ್ತಲ್ಲ. ದೃಷ್ಟಿಗೇ ಕಣಿ ಅದು. ಅವ್ರಿಗೆ ಮರ್ತೋಗೈತೆ ಅಷ್ಟೆ."

"ನಿನ್ಗೇನಣ್ಣ ದೃಷ್ಟಿ ವಿಚಾರ?" ಎಂದು ಹುಡುಗಿ ಕೆಣಕಿದಳು.

"ನಂಗ್ ಗೊತ್ತಿಲ್ದೆ ಇನ್ಯಾರ್ಗಮ್ಮಿ? ಈ ಆಫೀಸಲ್ಲಿ ದೃಷ್ಟಿ ಆಗ್ದಂಗೆ ನಿಮ್ ಬುತ್ತಿ ಮುಂದೆ ಕೂರನು ನಾನೊಬ್ನೇ."

ಆ ಚಳಿಗಾಲ ಕೆಲಸ ಜೋರಾಗಿತ್ತು. ಶಾಲೆಯ ಬಸ್ಸಿನ ವೇಳಾಪಟ್ಟಿಗಳು, ಈಜುಕೊಳದ ನಿಯಮಗಳು, ಹೇನು ಬಂದ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳಿ ಎಂಬ ಸೂಚನೆ. ಹೇನಿನ ದೊಡ್ಡ ಚಿತ್ರಕ್ಕೆ ನಾನೇ ವಿವರ ಬರೆದೆ. ಆ ವಿಷಯದಲ್ಲಿ ವಾರ್ಡನ್ ಆಗಿದ್ದವಳಿಗೆ ಹೇಳಿಕೊಡುವವರು ಬೇಡ. ವೇಳಾಪಟ್ಟಿ ನೋಡಿದರೆ ನನಗೆ ಊಟ ಮಾಡಿದಷ್ಟು ಸಮಾಧಾನ. ಆದರೆ ಆ ಸಮಾಧಾನದ ಅಡಿಯಲ್ಲೇ ಒಂದು ದಿಗಿಲು ಶುರುವಾಗಿತ್ತು. ಗಡುವು ಮುಂದೆ ಹೋಗಬಹುದು ಎಂಬ ಮಾತು ಬೆಂಗಳೂರಿನ ಕಡೆಯಿಂದ ಬರುತ್ತಿತ್ತು. ಹೊರದೇಶದವರಿಗೆ ಕೆಲಸ ಕೊಡುವ ಕಂಪನಿಗಳ ಮೇಲೆ ತೆರಿಗೆ ಹಾಕುತ್ತಾರಂತೆ ಎಂಬ ಇನ್ನೊಂದು ಮಾತೂ ಓಡಾಡುತ್ತಿತ್ತು. ನಮ್ಮ ತಾಲ್ಲೂಕು ಕಚೇರಿಯ ಆದೇಶವನ್ನೇ ಎಂದೂ ಓದದ ನಾನು ಬೆಳಗಿನ ಕಾಫಿಯ ಜೊತೆ ಫೋನಿನಲ್ಲಿ ಅಮೆರಿಕದ ನಿಯಮಾವಳಿಯ ಸುದ್ದಿ ಹುಡುಕತೊಡಗಿದೆ.

"ಅಲ್ಲಿ ಯಾವ ನಿಯಮ ಆದ್ರೆ ನಿನ್ಗೇನಕ್ಕಾ? ಹೊಳೆ ಕಡೆ ಹೋಗಿ ಬಂದ್ಯಾ ಇಲ್ವಾ ಇವತ್ತು?" ಎಂದು ತಂಗಿ ಕೇಳಿದಾಗಲೇ ನೆನಪಾಯಿತು, ಹೋಗಿರಲಿಲ್ಲ. ಲೋಟವೂ ಬೋರಲು ಬಿದ್ದಿರಲಿಲ್ಲ.

ಕೆಳಗಿನ ಅಂಗಡಿಯವನಿಗೂ ಅಮೆರಿಕದ ಚಿಂತೆಯೇ. ಅವನು ರೈತರಿಗೆ ಮಿಡಿಸೌತೆಯ ಬೀಜ ಕೊಡುತ್ತಿದ್ದ; ಉಪ್ಪುನೀರಲ್ಲಿ ಹಾಕಿ ಡ್ರಮ್ಮುಗಟ್ಟಲೆ ಹೊರದೇಶಕ್ಕೆ ಕಳಿಸುವ ಬೆಳೆ. ಅಲ್ಲಿನವರು ನಮ್ಮ ಮಾಲಿಗೆ ಸುಂಕ ಏರಿಸಿದಾಗಿನಿಂದ ಅವನ ಮುಖ ಬಾಗಿಲ ಮೇಲಿನ ಕುಂಬಳಕಾಯಿಯಂತೆ ಆಗಿತ್ತು. ಒಂದು ದಿನ ಅರಕಲಗೂಡಿನವನು ಇಳಿದು ಬರುವಾಗ ತಡೆದು ಕೇಳಿದ.

"ಏನಪ್ಪಾ, ನಿನ್ ಕಂಪ್ಯೂಟ್ರಲ್ಲಿ ಅಮೆರಿಕಾದೋರ್ಗೆ ಒಂದ್ ಮಾತ್ ಯೋಳಕ್ಕಾಗಲ್ವಾ? ನಮ್ ರೈತ್ರು ಕಷ್ಟ ಇಂಗಿಂಗೆ ಅಂತ?"

"ಯೋಳ್ಬೋದು ಸಾ. ಸುಂಕದೋನ್ ಮುಂದೆ ಸುಖದುಕ್ಕ ಯೋಳ್ಕಂಡಂಗೆ ಆಯ್ತದೆ."

"ಅದೂ ಸರಿ ಬುಡು. ನಿಮ್ದೆಂಗೆ? ನಿಮ್ಗೂ ಸುಂಕ ಬಂತಾ?"

"ನಮ್ದಿನ್ನೂ ಗೇಟ್ ತಾವ್ಲೇ ನಿಂತೈತೆ ಸಾ."

ಬೇಸಗೆ ಕಾಲಿಡುವಾಗ ಗೇಟು ಬಿತ್ತು. ಗಡುವನ್ನು ಮುಂದಕ್ಕೆ ಹಾಕಿದರೆಂದು ಸುದ್ದಿ ಬಂತು. ನಿಯಮ ಹೋಗಲಿಲ್ಲ, ಅವಸರ ಹೋಯಿತು. ಅವಸರ ಹೋದ ಮೇಲೆ ಶಾಲೆಗಳು ಈ ವರ್ಷದ ಕೆಲಸವನ್ನು ಬರುವ ವರ್ಷಕ್ಕೆ ಇಟ್ಟುಕೊಂಡವು. ಪರೀಕ್ಷೆ ಮುಂದೆ ಹೋಯಿತೆಂದು ತಿಳಿದ ಕೂಡಲೇ ಪುಸ್ತಕ ಮುಚ್ಚುವ ಮಕ್ಕಳನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ. ಶಾಲೆಗಳೇ ಹಾಗೆ ಮಾಡಿದ್ದನ್ನು ಅದೇ ಮೊದಲು ನೋಡಿದ್ದು. ಬೆಂಗಳೂರಿನ ಕಂಪನಿ ಉಳಿದ ಅಷ್ಟಿಷ್ಟು ಕೆಲಸಕ್ಕೆ ವಿವರ ಬರೆಯುವವರು ಸಾಕು, ಕೇಳಿ ನೋಡುವ ಕೆಲಸವನ್ನು ಯಂತ್ರಕ್ಕೇ ಕೊಡುತ್ತೇವೆ ಎಂದಿತು.

ಒಡತಿ ನನ್ನನ್ನು ಮೆಟ್ಟಿಲ ಮೇಲೆ ಕರೆದು ಹೇಳಿದಳು. ಒಳಗೆ ಹೇಳಲು ಅವಳಿಗೆ ಧೈರ್ಯವಿರಲಿಲ್ಲ.

"ಅವನ ಕೆಲಸಾನೇ ಮೊದಲು ಹೋಗುತ್ತೆ ಮಿಸ್. ಕಣ್ಣಿಲ್ಲದೋರಿಗೆ ಅಂತ ಮಾಡಿದ ಕೆಲಸದಲ್ಲಿ ಕಣ್ಣಿಲ್ಲದೋನೇ ಬೇಡ ಅಂತಾರಲ್ಲ."

ಬಾಗಿಲ ಒಳಗಿನಿಂದ ಅವನ ಧ್ವನಿ ಬಂತು. "ಮೆಟ್ಲಲ್ಲಿ ಮಾತಾಡುದ್ರೆ ಒಳಗೆ ಇನ್ನೂ ಚೆನ್ನಾಗ್ ಕೇಳ್ತದೆ ಮೇಡಂ."

ನಾವು ಸುಮ್ಮನಿರಲಿಲ್ಲ. ಇಲ್ಲೇ ಹತ್ತಿರದಲ್ಲಿ ಕೆಲಸ ಸಿಗಬಾರದೇಕೆ ಎಂದು ಒಡತಿ, ಅವನು, ನಾನು ಹಾಸನಕ್ಕೆ ಹೋಗಿ ಒಂದು ಖಾಸಗಿ ಕಾಲೇಜಿನ ಪ್ರಾಂಶುಪಾಲರನ್ನು ಕಂಡೆವು. ಬಸ್ಸಿನಲ್ಲಿ ಅವನು ಹುರುಪಾಗಿದ್ದ. ಹೊಸ ಅಂಗಿಯ ಬಣ್ಣ ಯಾವುದು ಎಂದು ನನ್ನನ್ನು ಕೇಳಿ, ನೀಲಿ ಎಂದಾಗ, "ಯಾವ್ ನೀಲಿ ಅಂತ ಮಾತ್ರ ವಿವರ್ಸ್ಬೇಡಿ, ಆಸನ ಬಂದೋಯ್ತದೆ" ಎಂದ. ಪ್ರಾಂಶುಪಾಲರು ಕಾಫಿ ತರಿಸಿದರು, ಗೌರವದಿಂದಲೇ ಕೇಳಿಸಿಕೊಂಡರು. ನಮ್ಮ ದೇಶದಲ್ಲೂ ಇಂಥ ಕಾನೂನು ಇದೆ ಎಂದು ಒಡತಿ ಹೇಳಿದಾಗ ತಲೆಯಾಡಿಸಿದರು.

"ಇದೆಯಮ್ಮ, ಇಲ್ಲ ಅನ್ನಲ್ಲ. ಆದ್ರೆ ನಮ್ಮ ಕಾಲೇಜಲ್ಲಿ ಅಂಥ ಮಕ್ಕಳು ಯಾರೂ ಇಲ್ವಲ್ಲ."

ಅರಕಲಗೂಡಿನವನು ಲೋಟ ಕೆಳಗಿಟ್ಟ. "ಸಾ, ಬಾವಿಗೆ ಅಗ್ಗಾನೇ ಇಲ್ದಿದ್ರೆ ನೀರ್ ಸೇದೋರು ಯಾರು ಬತ್ತಾರೆ?"

ಅವರು ನಕ್ಕರು. ನೋಡೋಣ ಎಂದರು. ‘ನೋಡೋಣ’ ಎಂದರೆ ಏನೆಂದು ಮೂವರಿಗೂ ಗೊತ್ತಿತ್ತು. ಬರುವಾಗ ಅವನು ದುದ್ದದ ಕಡೆಯ ಬಸ್ಸು ಯಾವುದು, ಹೊಳೆನರಸೀಪುರದ್ದು ಯಾವುದು ಎಂದು ಕಂಡಕ್ಟರುಗಳ ಕೂಗಿನಲ್ಲೇ ಗುರುತಿಸಿ ನಮ್ಮನ್ನು ಹತ್ತಿಸಿದ.

ತಿಂಗಳ ಕೊನೆಗೆ ಅವನ ಅಣ್ಣ ಗೂಡ್ಸ್ ಆಟೋ ಮಾಡಿಕೊಂಡು ಬಂದ. ನಾನು ಅವನನ್ನು ಗಟ್ಟಿ ಮನಸ್ಸಿನವನೆಂದು ಕಲ್ಪಿಸಿಕೊಂಡಿದ್ದೆ. ಬಂದವನು ಮೆತ್ತನೆಯ ಮನುಷ್ಯ, ಚಪ್ಪಲಿಯನ್ನು ನನ್ನ ಸಾಲಿಗೇ ಸೇರಿಸಿ ಒಳಗೆ ಬಂದು ಕೈಮುಗಿದ.

"ನಮ್ ಉಡ್ಗನ್ನ ಚೆನ್ನಾಗ್ ನೋಡ್ಕಂಡ್ರಿ ಮಿಸ್."

"ನಾವು ನೋಡಿಕೊಳ್ಳಲಿಲ್ಲಪ್ಪ. ಕೆಲಸ ಮಾಡಿಸಿದೆವು. ನಮಗಿಂತ ಚೆನ್ನಾಗಿ ಓಡಾಡಿಕೊಂಡಿದ್ದ."

"ಅದೇ ಮಿಸ್. ಯಾರ್ದೋ ದೃಷ್ಟಿ ಬಿತ್ತು."

"ಅಣ್ಣೋ, ಈ ಆಫೀಸಲ್ಲಿ ಆ ಮಾತಾಡ್ಬೇಡ, ಬೆಂಗ್ಳೂರೋರು ನಗ್ತಾರೆ" ಎಂದ ಅರಕಲಗೂಡಿನವನು. ಹುಡುಗಿ ಈ ಸಲ ನಗಲಿಲ್ಲ, ಮುಖ ಆ ಕಡೆ ತಿರುಗಿಸಿದಳು.

"ಬೇಜಾರ್ ಮಾಡ್ಕಬೇಡ ಕಣ್ಲಾ. ಈಗೇನಾಯ್ತು? ಮನೇಲಿ ಆರಾಮಾಗ್ ಕೂತ್ಕ. ನಾವಿಲ್ವಾ?"

ಆ ಮಾತು ಅಷ್ಟು ಅಕ್ಕರೆಯಿಂದ ಬಂತು. ಪಾತ್ರೆ, ಚಾಪೆ, ಒಲೆ ಎಲ್ಲ ಆಟೋಗೆ ಹೋದವು. ಇವನು ಮಾತ್ರ ರೂಮಿನ ಬೀಗದಕೈಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.

"ಓನರ್ಗೆ ಕೊಟ್ಬುಡ್ಲಾ ಅದ್ನ" ಎಂದ ಅಣ್ಣ.

"ಬರೋ ಅಮಾಸೆಗಂಟ ಇಟ್ಕೊ ಅಂದವ್ರೆ. ಇರ್ಲಿ, ಭಾರ ಏನಿಲ್ಲ."

ಮುಂದಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಆಫೀಸಿಗೆ ಹೋದರೆ ಚಪ್ಪಲಿಗಳು ಸಾಲಾಗಿದ್ದವು, ಎಡವಬಹುದಾದವನೇ ಇರಲಿಲ್ಲ. ಹುಡುಗಿ ಬರೆದಳು, ನಾನು ತಿದ್ದಿದೆ, ಆಮೇಲೆ ಅದು ಎಲ್ಲಿಗೆ ಹೋಯಿತೋ, ಯಾರಿಗೆ ತಿಳಿಯಿತೋ, ‘ಪಾಸ್’ ಎನ್ನುವವರಿಲ್ಲದೆ ನನಗೆ ಪ್ರತಿ ಸಾಲಿನ ಮೇಲೂ ಅನುಮಾನ. ದಾರಿಯಲ್ಲಿ ನಡೆದರೆ ಕಂಡದ್ದಕ್ಕೆಲ್ಲ ಮನಸ್ಸಿನಲ್ಲೇ ವಿವರ ಬರೆಯುವ ಚಟ ಬೇರೆ ಹತ್ತಿತ್ತು. ಇದು ಬರೆಯಬೇಕಾದದ್ದು, ಇದು ಡೆಕೊರೇಟಿವ್. ಬಳೆ ಅಂಗಡಿಯ ಮೆಟ್ಟಿಲಲ್ಲಿ ಸುಮ್ಮನೆ ಕೂತ ಅಜ್ಜನ ಮುಂದೆ ಬಂದಾಗ ಆ ಪದ ನಾಲಿಗೆಗೆ ಬಂದು, ಗಾಬರಿಯಾಗಿ ನಿಂತು ಅವರನ್ನು ಮಾತಾಡಿಸಿದೆ. ಅವರಿಗೆ ನನ್ನ ಪರಿಚಯವೇ ಇರಲಿಲ್ಲ.

ಒಂದು ವಾರವೂ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ತಂಗಿ ಏಳುವ ಮೊದಲೇ ಅರಕಲಗೂಡಿನ ಬಸ್ಸು ಹತ್ತಿದೆ. ಹೋಗಿ ಏನು ಹೇಳುವುದು ಎಂದು ಗೊತ್ತಿರಲಿಲ್ಲ. ಪಾಠದ ತಯಾರಿ ಇಲ್ಲದೆ ತರಗತಿಗೆ ಹೋದ ಅನುಭವ ನನಗೆ ಇಲ್ಲ; ಆ ದಿನ ಆಯಿತು.

ಮುಖ್ಯರಸ್ತೆಯಿಂದ ಅವನ ಹಳ್ಳಿಗೆ ತಿರುಗುವ ಗೇಟಿನಲ್ಲಿ ಇಳಿದು ಕೇಳಿಕೊಂಡು ಮನೆ ಮುಟ್ಟಿದೆ. ಅತ್ತಿಗೆ ಅಂಗಳದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನನ್ನನ್ನು ಹೊಳೆನರಸೀಪುರದ ಮಿಸ್ ಎಂದು ತಿಳಿದ ಕೂಡಲೇ ಅಳುವುದೊಂದು ಬಾಕಿ.

"ಅಯ್ಯೋ ಮಿಸ್, ಬೆಳಿಗ್ಗೆನೇ ಎಲ್ಲೋ ಓಂಟೋಗವ್ನೆ! ನಾವ್ ಕೊಟ್ಗೇಲಿ ಆಲ್ ಕರೀತಿದ್ವಿ. ಬಂದ್ ನೋಡುದ್ರೆ ಕುರ್ಚೀಲಿಲ್ಲ. ಫೋನ್ ಮಾಡುದ್ರೆ ಎತ್ತಲ್ಲ. ಇವ್ರು ಬೈಕ್ ತಕಂಡು ಉಡ್ಕಕ್ ಓಗವ್ರೆ. ಕೆರೆ ಏರಿ ಕಡೆ ಓದ್ನೋ ಏನೋ, ನಂಗ್ ಕೈ ಕಾಲೇ ಆಡ್ತಿಲ್ಲ."

ನಿಂತ ನನ್ನ ಕಾಲಿಗೆ ಮೊದಲ ಬಾರಿಗೆ ಕೂರಬೇಕು ಎನ್ನಿಸಿತು. ಅಷ್ಟರಲ್ಲಿ ಚೀಲದೊಳಗೆ ನನ್ನ ಫೋನು ಹೊಡೆದುಕೊಂಡಿತು. ತಂಗಿ.

"ಅಕ್ಕಾ, ಎಲ್ಲಿ ಹಾಳಾಗಿ ಹೋಗಿದೀಯ ಹೇಳದೆ ಕೇಳದೆ? ನಿನ್ನ ಅರಕಲಗೂಡಿನೋನು ಬಂದು ಅಂಗಳದಲ್ಲಿ ನಿಂತಿದಾನೆ. ಕಾಫಿ ಕುಡಿದ. ಕೂತ್ಕೊಳಪ್ಪ ಅಂದ್ರೆ ಕೂರ್ತಾನೇ ಇಲ್ಲ. ಥೇಟ್ ನಿನ್ನ ಹಾಗೆ."

ಫೋನು ಅವನ ಕೈಗೆ ಹೋಯಿತು. ನನ್ನ ಮೊದಲ ಮಾತು ಬೈಗುಳವಾಗಿತ್ತು. ವಾರ್ಡನ್ ಕಾಲದ ಬೈಗುಳ, ಒಂದೂ ಬಿಡಲಿಲ್ಲ. ಅವನು ಪೂರ್ತಿ ಕೇಳಿಸಿಕೊಂಡ.

"ಅಡ್ಡಿಲ್ಲ ಮಿಸ್, ಇವತ್ತು ಉದ್ದುಕ್ಕೇ ಇರ್ಲಿ" ಎಂದ. "ಮೇಡಂ ನೆನ್ನೆ ಸಂಜೆ ಫೋನ್ ಮಾಡಿದ್ರು. ಅಮೆರಿಕಾದ ಯಾವ್ದೋ ಒಂದ್ ಕಾಲೇಜೋರು ಗಡುವ್ ಮುಂದುಕ್ ಓದ್ರೂ ನಾವ್ ಕಾಯಲ್ಲ, ನಿಜವಾಗ್ ಕಣ್ಣಿಲ್ದೋರೇ ಕೇಳಿ ನೋಡ್ಬೇಕು ಅಂದವ್ರಂತೆ. ಅಲ್ಲಿ ಕಲಿಯೋ ಕುಲ್ಡ ಮಕ್ಳೇ ಗಲಾಟೆ ಮಾಡವ್ರಂತೆ. ಎಷ್ಟ್ ದಿನದ್ ಕೆಲ್ಸವೋ ಗೊತ್ತಿಲ್ಲ. ಅಣ್ಣುಂಗೆ ಯೋಳುದ್ರೆ, ಗಟ್ಟಿ ಆಗ್ಲಿ, ಅಲ್ಲಿಗಂಟ ಕೂತ್ಕ ಅಂತಾನೆ. ಅದ್ಕೇ ಎದ್ದೆ. ಗೇಟ್ಗಂಟ ಒಬ್ನೇ ನಡ್ದೆ ಮಿಸ್, ಬಸ್ ನಿಲ್ಸಿ ಅತ್ದೆ. ರೂಮ್ ಬಾಗ್ಲು ತೆಗ್ದೆ, ನಿಮ್ಗೆ ಯೋಳಕ್ ಬಂದೆ. ನೀವೇ ಇಲ್ಲ."

"ನಿನ್ನ ಅತ್ತಿಗೆ ಇಲ್ಲಿ ಅಳ್ತಾ ಇದಾಳೆ ಕಣೋ. ನೀನು ಅಲ್ಲೇ ಕೂತಿರು, ನಾನು..."

‘ಕೂತಿರು’ ಎಂಬ ಮಾತು ನನ್ನ ಬಾಯಿಂದಲೇ ಜಾರಿತ್ತು. ಅವನು ನಕ್ಕ.

"ಕೂರಲ್ಲ ಮಿಸ್. ಬಸ್ ಸ್ಟ್ಯಾಂಡ್ಗೆ ಬಂದಿರ್ತೀನಿ. ಅತ್ಗೆಗೆ ಫೋನ್ ಕೊಡಿ, ನಾನೇ ಯೋಳ್ತೀನಿ. ಅದ್ಕೂ ಮುಂಚೆ ಒಂದ್ ಮಾತು. ನೀವು ನಮ್ ಮನೆ ಮುಂದೆ ತಾನೆ ಇರದು? ನಮ್ ಜಗುಲಿ ಎಂಗೈತೆ? ಮೊಟಕಾಗ್ ಯೋಳಿ."

ನಾನು ತಿರುಗಿ ನೋಡಿದೆ. ಸೆಗಣಿ ಸಾರಿಸಿದ ಅಂಗಳ, ಹುಲ್ಲಿನ ಬಣವೆ, ಕಂಬಕ್ಕೆ ಒರಗಿಸಿದ ಹಾಲಿನ ಕ್ಯಾನು. ಹೇಳಲು ಬಹಳವಿತ್ತು. ತಡೆದುಕೊಂಡೆ.

"ಜಗುಲಿಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ಒಂದು ಕೋಳಿ ಕೂತಿದೆ."

"ಪಾಸ್ ಮಿಸ್" ಎಂದ. "ಅದ್ನ ಎಬ್ಬಿಸ್ಬೇಡಿ."

ಫೋನನ್ನು ಅತ್ತಿಗೆಯ ಕೈಗೆ ಕೊಟ್ಟೆ. ಅವಳು ಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ಉಂಡ್ಯಾ ಎಂದು ಕೇಳಿದಳು. ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿ, ಕೋಳಿಯನ್ನು ಓಡಿಸಿ ಆ ಕುರ್ಚಿಯನ್ನೇ ಎಳೆಯಲು ಹೋದಳು.

"ಕೂತ್ಕಳಿ ಮಿಸ್, ಕಾಫಿ ಕಾಯ್ಸ್ತೀನಿ."

"ಬೇಡಮ್ಮ, ಅದು ಇರಲಿ. ಬಸ್ಸಿನ ಹೊತ್ತಾಯಿತು" ಎಂದೆ. ಕಾಫಿಯನ್ನು ನಿಂತೇ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಗೇಟಿನ ಕಡೆ ನಡೆದೆ.